ನಾಗಾಲೋಟದ ನಂತರ ಕುದುರೆಯ ರಕ್ತ ಹೇಳುವುದೇನು?

ಎಲ್ಲರಿಗೂ ನಮಸ್ಕಾರ.

ರೇಸ್‌ಕೋರ್ಸ್ ಇರುವುದು ಬೆಂಗಳೂರು, ಮೈಸೂರುಗಳಲ್ಲಿ, ಹಾಸನದಲ್ಲಲ್ಲ. ಆದರೂ ಇಲ್ಲಿನ ಪಶುವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಬೇಕೆಂದೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ. ನಿಮ್ಮಲ್ಲಿ ಕೆಲವರು ನಾಳೆ ಕುದುರೆ ಲಾಯಗಳಲ್ಲಿ ಕೆಲಸಕ್ಕೆ ಸೇರುತ್ತೀರಿ. ಅಲ್ಲಿ ತರಬೇತುದಾರರು ಒಂದು ಕೈಯಲ್ಲಿ ರಕ್ತಪರೀಕ್ಷೆಯ ವರದಿ, ಇನ್ನೊಂದು ಕೈಯಲ್ಲಿ ಅಮೈನೊ ಆಮ್ಲದ (ಪ್ರೋಟೀನ್ ಕಟ್ಟುವ ಬಿಡಿ ಘಟಕ) ದುಬಾರಿ ಪುಡಿಯ ಡಬ್ಬಿ ಹಿಡಿದು, ‘ಡಾಕ್ಟರೇ, ಇದನ್ನು ಕೊಡೋಣವೇ?’ ಎಂದು ಕೇಳುತ್ತಾರೆ. ಹೂಂ ಅನ್ನುವ ಮೊದಲು ಆ ವರದಿಯನ್ನು ಓದಲು ಬರಬೇಕು. ಹಿಂದಿನ ಸಾಲಿನಲ್ಲಿ ಓಟದ ಎತ್ತು ಸಾಕಿರುವ ರೈತರೂ ಕುಳಿತಿದ್ದೀರಿ. ನಿಮ್ಮ ವಿಚಾರಕ್ಕೂ ಕೊನೆಯಲ್ಲಿ ಬರುತ್ತೇನೆ.

1200 ಮೀಟರ್ ರೇಸ್ ಒಂದೂಕಾಲು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಲಾಯದಲ್ಲಿ ಸುಮ್ಮನೆ ನಿಂತಾಗ ನಿಮಿಷಕ್ಕೆ 30–40 ಸಲ ಬಡಿಯುವ ಹೃದಯ ಅಷ್ಟರೊಳಗೆ 220ನ್ನು ಮುಟ್ಟುತ್ತದೆ. ಸ್ನಾಯು ಸಕ್ಕರೆಯನ್ನು ವೇಗವಾಗಿ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ರಕ್ತದಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್ ಇದ್ದದ್ದು 20ನ್ನು ದಾಟುತ್ತದೆ. ರೇಸಿನ ತಳಿಯಾದ ಥರೋಬ್ರೆಡ್ ಕುದುರೆಯ ದೇಹತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ನಾಯುವೇ. ಅಷ್ಟು ಸ್ನಾಯು ಒಟ್ಟಿಗೇ ದುಡಿದಾಗ ರಕ್ತದಲ್ಲಿ ಏರುಪೇರಾಗದೆ ಇರುವುದಾದರೂ ಹೇಗೆ?

ಓಟ ಮುಗಿದ ಕೆಲವೇ ನಿಮಿಷಗಳಲ್ಲಿ ತೆಗೆದ ರಕ್ತದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ: ಅಮೋನಿಯಾ ಏರಿರುತ್ತದೆ, ಅಲನೈನ್ ಎಂಬ ಅಮೈನೊ ಆಮ್ಲ ಏರಿರುತ್ತದೆ. ಎರಡಕ್ಕೂ ನಂಟಿದೆ. ನಾಗಾಲೋಟದಲ್ಲಿ ಸ್ನಾಯು ತನಗೆ ಶಕ್ತಿ ಕೊಡುವ ಅಣುವಾದ ಎಟಿಪಿಯನ್ನು ಮತ್ತೆ ಕಟ್ಟಿಕೊಳ್ಳುವುದಕ್ಕಿಂತ ವೇಗವಾಗಿ ಖರ್ಚು ಮಾಡುತ್ತದೆ. ಎಟಿಪಿ ಖರ್ಚಾಗಿ ಉಳಿದ ಎಎಂಪಿ ಎಂಬ ತುಣುಕು ಒಡೆದು ಐಎಂಪಿ ಎಂಬ ಇನ್ನೊಂದು ಅಣು ಆಗುವಾಗ ಅಮೋನಿಯಾ ಹೊರಬೀಳುತ್ತದೆ. ನಿಧಾನದ ಓಟದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ವೇಗ ಒಂದು ಮಟ್ಟ ಮೀರಿದ ಮೇಲೆ ಸರ್ರನೆ ಏರುತ್ತದೆ. ಅಮೋನಿಯಾ ಮಿದುಳಿಗೆ ವಿಷ. ಅದರ ಒಂದಷ್ಟು ಭಾಗವನ್ನು ಗ್ಲುಟಮೇಟ್ ಎಂಬ ಅಮೈನೊ ಆಮ್ಲ ಕಟ್ಟಿಹಾಕಿ ತಾನು ಗ್ಲುಟಮೈನ್ ಆಗುತ್ತದೆ. ಅದೇ ಹೊತ್ತಿಗೆ ಗ್ಲುಟಮೇಟ್ ತನ್ನ ಅಮೈನೊ ಗುಂಪನ್ನು (ಸಾರಜನಕವಿರುವ ಭಾಗವನ್ನು) ಸಕ್ಕರೆ ಒಡೆದಾಗ ಸಿಗುವ ಪೈರುವೇಟ್‌ಗೆ ದಾಟಿಸುತ್ತದೆ, ಪೈರುವೇಟ್ ಅಲನೈನ್ ಆಗುತ್ತದೆ. ಸ್ನಾಯುವಿನೊಳಗೆ ಗ್ಲುಟಮೇಟ್ ಇಳಿದು ಅಲನೈನ್ ಏರುವುದು ಇದಕ್ಕಾಗಿಯೇ. ಅಲನೈನ್ ರಕ್ತದ ಮೂಲಕ ಯಕೃತ್ತಿಗೆ ಹೋಗಿ, ಅಲ್ಲಿ ಸಾರಜನಕವನ್ನು ಇಳಿಸಿ, ತಾನು ಗ್ಲುಕೋಸ್ ಆಗಿ ಮತ್ತೆ ರಕ್ತ ಸೇರುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಆ ಪೈರುವೇಟ್ ಬಂದದ್ದು ಎಲ್ಲಿಂದ? ಬಹುಪಾಲು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್‌ನಿಂದ. ಅಂದರೆ ಏರಿದ ಅಲನೈನ್‌ನ ಇಂಗಾಲ ಸಕ್ಕರೆಯದು, ಮಾಂಸದ್ದಲ್ಲ. ‘ಅಲನೈನ್ ಏರಿದೆ, ಸ್ನಾಯು ಕರಗುತ್ತಿದೆ, ಪ್ರೋಟೀನ್ ಪುಡಿ ಕೊಡಿ’ ಎಂಬ ವಾದ ಈ ಒಂದೇ ಸಂಗತಿಯ ಮುಂದೆ ಬಿದ್ದುಹೋಗುತ್ತದೆ. ಒಂದೂಕಾಲು ನಿಮಿಷದ ಓಟಕ್ಕೆ ಪ್ರೋಟೀನ್ ಒದಗಿಸುವ ಶಕ್ತಿ ನಗಣ್ಯ. ಹಾಸನದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟಕ್ಕೆ ತಲೆ ಎಣಿಸಿ ಊರಿನ ಜನಸಂಖ್ಯೆ ಹೇಳಲು ಹೊರಟರೆ ಹೇಗೋ, ರಕ್ತದ ಅಮೈನೊ ಆಮ್ಲ ನೋಡಿ ಸ್ನಾಯುವಿನ ಲೆಕ್ಕ ಹೇಳುವುದೂ ಹಾಗೆಯೇ: ಯಾರೋ ಇಳಿಯುತ್ತಿದ್ದಾರೆ, ಯಾರೋ ಹತ್ತುತ್ತಿದ್ದಾರೆ.

ಇನ್ನೊಂದು ತೊಡಕು ನೀರಿನದು. ತೀವ್ರ ಓಟದಲ್ಲಿ ಪ್ಲಾಸ್ಮಾದ, ಅಂದರೆ ಕಣಗಳನ್ನು ಬಿಟ್ಟು ಉಳಿದ ರಕ್ತದ ದ್ರವಭಾಗದ, ನೀರು ರಕ್ತನಾಳಗಳಿಂದ ಅಂಗಾಂಶಗಳಿಗೆ ಸರಿಯುತ್ತದೆ. ಉದಾಹರಣೆಗೆ, ಓಟಕ್ಕೆ ಮೊದಲು ಪ್ಲಾಸ್ಮಾದ ಒಟ್ಟು ಪ್ರೋಟೀನ್ 100 ಮಿಲಿಲೀಟರಿಗೆ 6.0 ಗ್ರಾಂ ಇದ್ದು ಓಟದ ನಂತರ 6.9 ಆಗಿದ್ದರೆ, ಅದು ಶೇ 15ರ ಏರಿಕೆ. ಅದೇ ವರದಿಯಲ್ಲಿ ವ್ಯಾಲಿನ್ ಎಂಬ ಅಮೈನೊ ಆಮ್ಲ ಕೂಡ ಶೇ 15 ಏರಿದ್ದರೆ, ಹೊಸದಾಗಿ ವ್ಯಾಲಿನ್ ಬಂದಿದೆ ಎನ್ನುವಂತಿಲ್ಲ. ನೀರು ಕಡಿಮೆಯಾಗಿದೆ, ಅಷ್ಟೇ. ಜೊತೆಗೆ ಕುದುರೆಯ ಗುಲ್ಮ ಕುಗ್ಗಿ, ಕೂಡಿಟ್ಟ ಕೆಂಪುಕಣಗಳನ್ನು ರಕ್ತಕ್ಕೆ ತಳ್ಳುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ 40ರಿಂದ 60ರ ಮೇಲಕ್ಕೂ ಹೋಗಬಹುದು. ಆದ್ದರಿಂದ ಇಡೀ ರಕ್ತದಲ್ಲಿ ಅಳೆದ ಅಂಕಿಯನ್ನು ಪ್ಲಾಸ್ಮಾದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ಮಾದರಿ ತೆಗೆಯುವ ಕೈಯೂ ಅಂಕಿಯನ್ನು ಕೆಡಿಸಬಲ್ಲದು. ಕತ್ತಿನ ಜುಗುಲಾರ್ ಅಭಿಧಮನಿಯಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಕೊಳವೆಗೆ ತೆಗೆದ ರಕ್ತವನ್ನು ಸುಮ್ಮನೆ ನಿಲ್ಲಿಸಿ ನೋಡಿ. ಕುದುರೆಯ ಕೆಂಪುಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿ ಬಹಳ ಬೇಗ ತಳಕ್ಕಿಳಿಯುತ್ತವೆ. ಮೇಲೆ ಹಳದಿ ಪ್ಲಾಸ್ಮಾ ತಾನಾಗಿಯೇ ನಿಲ್ಲುತ್ತದೆ. ಆ ಹಳದಿ ಕುದುರೆಗೆ ಸಹಜ, ಕಾಮಾಲೆ ಎಂದು ಗಾಬರಿಪಡಬೇಕಿಲ್ಲ. ಹೇಗೂ ಬೇರ್ಪಟ್ಟಿದೆಯಲ್ಲ ಎಂದು ಕೊಳವೆಯನ್ನು ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ಗ್ಲುಟಮೈನ್ ಒಡೆಯುತ್ತದೆ, ಅಮೋನಿಯಾ ಸುಳ್ಳುಸುಳ್ಳೇ ಏರುತ್ತದೆ. ಹಳದಿಯಲ್ಲಿ ನಸುಗೆಂಪು ಕಂಡರೆ ಕಣಗಳು ಒಡೆದಿವೆ ಎಂದರ್ಥ. ಅವುಗಳೊಳಗಿನ ಅಮೈನೊ ಆಮ್ಲಗಳೂ ಪ್ಲಾಸ್ಮಾಕ್ಕೆ ಸೋರಿರುತ್ತವೆ. ಅಂಥ ಮಾದರಿಯನ್ನು ಚೆಲ್ಲಿಬಿಡಿ. ಕೊಳವೆ ಕೂಡಲೇ ಮಂಜುಗಡ್ಡೆಗೆ ಇಳಿಯಬೇಕು, ಬೇಗನೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಬೇಕು.

ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್‌ಗಳ ಹೆಸರು ಡಬ್ಬಿಗಳ ಮೇಲೆ ದೊಡ್ಡದಾಗಿ ಇರುತ್ತದೆ. ಇವು ಹೆಚ್ಚಾಗಿ ಒಡೆಯಲು ಆರಂಭಿಸುವುದು ಯಕೃತ್ತಿನಲ್ಲಲ್ಲ, ಸ್ನಾಯುವಿನಲ್ಲೇ. ಹಾಗಾಗಿ ಇವುಗಳ ಮೇಲೆ ಆಸಕ್ತಿ ಸಹಜ. ಆದರೆ ಆ ಒಡೆತಕ್ಕೆ ಮಹತ್ವ ಬರುವುದು ಗಂಟೆಗಟ್ಟಲೆ ನಡೆಯುವ ದೂರದ ಓಟದಲ್ಲಿ. ಅಲ್ಲಿ ಚಿತ್ರವೇ ತಲೆಕೆಳಗು: ಗ್ಲೈಕೋಜನ್ ಬರಿದಾಗುತ್ತದೆ, ಯಕೃತ್ತು ಅಲನೈನನ್ನು ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಅದು ಇಳಿಯುತ್ತದೆ. ಬೆವರಿನಲ್ಲೂ ಒಂದಿಷ್ಟು ಪ್ರೋಟೀನ್ ಹೋಗುತ್ತದೆ. ಜೀನಿನ ಅಡಿಯಲ್ಲಿ, ತೊಡೆಸಂದಿನಲ್ಲಿ ಕಾಣುವ ಬಿಳಿ ನೊರೆ ಲ್ಯಾಥರಿನ್ ಎಂಬ ಪ್ರೋಟೀನಿನದು. ಅದರಲ್ಲಿ ಲ್ಯೂಸಿನ್ ಹೇರಳ. ಹಾಗಾಗಿ ವರದಿಯ ಮೇಲೆ ಓಟದ ದೂರ, ವೇಗ, ಓಟ ನಿಂತ ಎಷ್ಟು ನಿಮಿಷಕ್ಕೆ ರಕ್ತ ತೆಗೆದದ್ದು ಎಂಬುದು ಬರೆದಿರದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಹಾಗಾದರೆ ಮೇವು? 500 ಕಿಲೋ ತೂಕದ ಕುದುರೆಗೆ ಕೆಲಸವಿಲ್ಲದ ದಿನಗಳಲ್ಲಿ ದಿನಕ್ಕೆ ಸುಮಾರು 630 ಗ್ರಾಂ ಪ್ರೋಟೀನ್ ಸಾಕು. ಅತ್ಯಂತ ಕಠಿಣ ತರಬೇತಿಯಲ್ಲಿ ಸುಮಾರು ಒಂದು ಕಿಲೋ ಬೇಕು. ಕುದುರೆಯ ಆಹಾರದಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್ ಎಂಬ ಅಮೈನೊ ಆಮ್ಲ. ಓಟ್ಸ್‌ನಲ್ಲಿ ಅದು ಕಡಿಮೆ, ನಮ್ಮ ಹುರುಳಿಯಲ್ಲಿ ಮತ್ತು ಕುದುರೆ ಮಸಾಲೆ ಸೊಪ್ಪಿನಲ್ಲಿ ಚೆನ್ನಾಗಿದೆ. ಹುರುಳಿಯನ್ನು ನೆನೆಸಿ ಬೇಯಿಸಿ ಹಾಕುವ ಹಿರಿಯರ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ: ಹಸಿ ಹುರುಳಿಯಲ್ಲಿ ಪ್ರೋಟೀನ್ ಜೀರ್ಣವಾಗಲು ಅಡ್ಡಬರುವ ಟ್ರಿಪ್ಸಿನ್ ನಿರೋಧಕಗಳಿವೆ, ಬೆಂದಾಗ ಅವು ಕುಗ್ಗುತ್ತವೆ. ಓಟದ ನಂತರ ಅಮೈನೊ ಆಮ್ಲಗಳನ್ನು ಗ್ಲುಕೋಸ್ ಜೊತೆಗೆ ಕೊಟ್ಟಾಗ ಹಿಂಗಾಲಿನ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗುತ್ತದೆ ಎಂದು ಜಪಾನಿನಲ್ಲಿ ಥರೋಬ್ರೆಡ್‌ಗಳ ಮೇಲೆ ನಡೆದ ಪ್ರಯೋಗ ತೋರಿಸಿದೆ. ಪುಡಿಗೆ ಏನಾದರೂ ಸ್ಥಾನವಿದ್ದರೆ ಅದು ಓಟದ ನಂತರ, ಹೊಟ್ಟೆ ತುಂಬ ಒಳ್ಳೆಯ ಮೇವು ಸಿಗುತ್ತಿರುವ ಕುದುರೆಗೆ; ಮೇವಿನ ಬದಲಿಗೆ ಅಲ್ಲ.

ಇನ್ನು ಜೋಡೆತ್ತಿನ ಗಾಡಿ ಓಟದವರ ಮಾತು. ಕುದುರೆಗೆಂದು ಮಾರುವ ಡಬ್ಬಿಯನ್ನು ಎತ್ತಿಗೂ ಹಾಕಬಹುದೇ ಎಂದು ಈ ಸಭೆಗೆ ಮೊದಲೇ ಒಬ್ಬರು ಕೇಳಿದರು. ಕುದುರೆಗೆ ಒಂದೇ ಹೊಟ್ಟೆ. ತಿಂದ ಅಮೈನೊ ಆಮ್ಲ ಸಣ್ಣಕರುಳಿನಲ್ಲಿ ನೇರವಾಗಿ ರಕ್ತಕ್ಕೆ ಸೇರುತ್ತದೆ. ಎತ್ತು ಮೆಲುಕು ಹಾಕುವ ಪ್ರಾಣಿ. ಆ ಪುಡಿಯ ಬಹುಪಾಲನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಅಮೋನಿಯಾ ಮಾಡಿ ಮುಗಿಸುತ್ತವೆ. ನಿಮ್ಮ ಹಣ ಹುರುಳಿಗೆ, ಹಿಂಡಿಗೆ, ಹಸಿ ಮೇವಿಗೆ ಹೋಗಲಿ, ಅಣ್ಣಂದಿರೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.