ತೋಟಕ್ಕೆ ಹೊಡೆದ ತಾಮ್ರ ಎಲ್ಲಿ ಹೋಗುತ್ತೆ?

ಎಲ್ರಿಗೂ ನಮಸ್ಕಾರ. ಮಳೆ ಹಿಡಿಯೋ ಮುಂಚೆ ಮಲೆನಾಡಲ್ಲಿ ಅಡಿಕೆ ಬೆಳೆಯೋರಿಗೆಲ್ಲ ಒಂದೇ ಗಡಿಬಿಡಿ, ಕೊನೆಗೆ, ಅಂದ್ರೆ ಅಡಿಕೆ ಗೊನೆಗೆ, ಔಷಧಿ ಹೊಡೆಸ್ಬೇಕು. 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು, ಬೋರ್ಡೋ ದ್ರಾವಣ ರೆಡಿ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಈ ಔಷಧೀನ ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರೋ ನಮ್ಮ ಕೊಳೆರೋಗಕ್ಕೆ ಬಳಕೆಗೆ ತಂದೋರು ಮೈಸೂರು ಸಂಸ್ಥಾನದ ಕೃಷಿ ಇಲಾಖೇಲಿದ್ದ ಲೆಸ್ಲಿ ಕೋಲ್ಮನ್. ಇದರಿಂದ ಎಷ್ಟೋ ಮನೆ ಉಳಿದಿದೆ, ಹಾಗಾಗಿ ಹೊಡೀಲೇಬೇಡಿ ಅಂತ ನಾನು ಹೇಳಲ್ಲ.

ಆದ್ರೆ 1 ಕೆಜಿ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತೆ. ಮ್ಯಾಂಕೋಜೆಬ್ ಥರದ ಔಷಧಿಗಳು ಮಣ್ಣಲ್ಲಿ ಒಡೆದು ಬೇರೆ ಏನೋ ಆಗ್ತವೆ, ತಾಮ್ರ ಹಾಗಲ್ಲ, ಅದು ಮೂಲಧಾತು, ಒಡೆಯೋ ಮಾತೇ ಇಲ್ಲ, ಅಜ್ಜ ಹೊಡೆಸಿದ್ದೂ ಮೊಮ್ಮಗ ಹೊಡೆಸಿದ್ದೂ ಬಹುಪಾಲು ಮೇಲಿನ ಒಂದು ಗೇಣು ಮಣ್ಣಲ್ಲೇ ಕೂತಿರುತ್ತೆ. ಯುರೋಪಿಯನ್ ಯೂನಿಯನ್ 2018ರಲ್ಲಿ ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆಜಿ ತಾಮ್ರ ಮೀರಬಾರದು ಅಂತ ಮಿತಿ ಹಾಕಿದ್ದು ಇದಕ್ಕೇನೇ. ಮಣ್ಣು ಹುಳಿ (ಆಮ್ಲೀಯ) ಆದಷ್ಟೂ ತಾಮ್ರ ಸಡಿಲ ಆಗಿ ನೀರಿಗೆ ಬಿಡುತ್ತೆ, ನಮ್ಮ ಮಲೆನಾಡ ಮಣ್ಣು ಮೊದಲೇ ಹುಳಿ. ಎರೆಹುಳಕ್ಕೆ ಕಷ್ಟ, ಹಳ್ಳಕ್ಕೆ ಇಳಿದ್ರೆ ಮೀನುಮರಿ, ಪಾಚಿಗೆಲ್ಲ ತೊಂದ್ರೆ. ಇದು ನಂಗೆ ನಿಜಕ್ಕೂ ಸಂಕಟ ಆಗೋ ವಿಷಯ.

ಹಾಗಾದ್ರೆ ತೆಗೆಯೋದು ಹೇಗೆ? ತಾಮ್ರ ಹೀರೋ ಗಿಡ ಬೆಳೆಸಿ ಕಿತ್ತು ಹೊರಗೆ ಸಾಗಿಸೋ ವಿಧಾನ ಇದೆ, ಆದ್ರೆ ಒಂದು ಬೆಳೆ ಹೀರೋದು ತೀರಾ ಕಮ್ಮಿ, ದಶಕಗಳೇ ಬೇಕಾದೀತು. ನಮ್ಮ ಕೈಯಲ್ಲಾಗೋದು ಅದನ್ನ ಅಲ್ಲೇ ಕಟ್ಟಿಹಾಕೋದು. ಮಣ್ಣು ಪರೀಕ್ಷೆ ಮಾಡ್ಸಿ, ಹುಳಿ ಜಾಸ್ತಿ ಇದ್ರೆ ಅವರು ಹೇಳಿದಷ್ಟು ಸುಣ್ಣ ಕೊಡಿ, ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ಬಯೋಚಾರ್ ಅಂತಾರಲ್ಲ ಆ ಇದ್ದಿಲಪುಡಿ ಸಿಕ್ರೆ ಅದನ್ನೂ ಸೇರ್ಸಿ, ಇವೆಲ್ಲ ತಾಮ್ರನ ಹಿಡ್ಕೊಳ್ತವೆ. ಆದ್ರೆ ಮಣ್ಣೇ ಕೊಚ್ಚಿಹೋದ್ರೆ ಅದರ ಜೊತೆ ತಾಮ್ರಾನೂ ಹೋಗುತ್ತೆ, ಅದಕ್ಕೆ ತೋಟದ ಮೇಲೆ ಸೊಪ್ಪು ಹೊದಿಸಿ, ಬಸಿಗಾಲುವೆ ಹಳ್ಳ ಸೇರೋ ಮುಂಚೆ ಒಂದು ಇಂಗುಗುಂಡಿ ಮಾಡಿ, ಹೂಳು ಅಲ್ಲೇ ನಿಲ್ಲಲಿ.

ಇನ್ನು ಡ್ರಮ್ಮು, ಪಂಪು ತೊಳೆಯೋದು. ದಯವಿಟ್ಟು ಹಳ್ಳದಲ್ಲಿ ತೊಳೀಬೇಡಿ! ತೊಳೆದ ನೀರಿಗೆ ಸ್ವಲ್ಪ ಸುಣ್ಣದ ತಿಳಿ ಸೇರ್ಸಿ ಹಾಗೇ ಇಟ್ರೆ ತಾಮ್ರ ನೀಲಿ ಕೆಸರಾಗಿ ತಳಕ್ಕೆ ಕೂರುತ್ತೆ, ಆ ಕೆಸರು ನೀರಿನ ಕಡೆಗೆ ಹೋಗದ ಹಾಗೆ ನೋಡ್ಕೊಳ್ಳಿ. ಸ್ಟ್ರಾಂಗ್ ಆಗ್ಲಿ ಅಂತ ಮೈಲುತುತ್ತ ಒಂದೂವರೆ ಕೆಜಿ ಸುರಿಯೋದೂ ಬೇಡ. ಸಣ್ಣ ಮರಗಳಿಗೆ, ಕೈಗೆ ಎಟುಕೋ ಕೊನೆಗೆ ಮಳೆನೀರು ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಿದ್ರೆ ಅಷ್ಟು ಔಷಧಿ ಉಳೀತು. ಮತ್ತೆ ಮಣ್ಣು ಪರೀಕ್ಷೆಗೆ ಕೊಡೋವಾಗ ಬರೀ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಕೇಳ್ಬೇಡಿ, ತಾಮ್ರ ಎಷ್ಟಿದೆ ಅಂತಾನೂ ನೋಡಿ ಅಂತ ಬಾಯ್ಬಿಟ್ಟು ಹೇಳಿ, ಕೇಳದೆ ಇದ್ರೆ ಎಷ್ಟೋ ಸಲ ಅದನ್ನ ನೋಡೋದೇ ಇಲ್ಲ.