ಧಾರವಾಡದ ಕಿಲ್ಲೆ

ಕೇಳುಗರೆ, ನಮಸ್ಕಾರ.

ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯ ಕಡೆಗೆ ಹೋಗುವವರು ಆಟೋದವರಿಗೆ ಇಂದಿಗೂ ‘ಕಿಲ್ಲೇಕ ಬಿಡ್ರಿ’ ಎನ್ನುವುದುಂಟು. ಹೋಗಿ ನೋಡಿದರೆ ಕಿಲ್ಲೆಯ ಗುರುತಾಗಿ ಎದ್ದು ಕಾಣುವುದು ಕಲ್ಲಿನ ಹೆಬ್ಬಾಗಿಲೊಂದೇ.

ಪಡುವಣದ ಮಲೆನಾಡಿಗೂ ಮೂಡಣದ ಎರೆಬಯಲಿಗೂ ನಡುವಿನ ಬಾಗಿಲಾದ್ದರಿಂದ ‘ದ್ವಾರವಾಟ’ವೇ ಧಾರವಾಡವಾಯಿತೆಂದು ಕೆಲವರು ಹೇಳುತ್ತಾರೆ. 1403ರಲ್ಲಿ ಕೋಟೆ ಕಟ್ಟಿಸಿದ ಧಾರರಾಯನಿಂದ ಹೆಸರು ಬಂತೆಂಬ ಐತಿಹ್ಯವೂ ಇದೆ. ಆದರೆ 12ನೆಯ ಶತಮಾನದ ಶಾಸನದಲ್ಲಿಯೇ ಊರಿನ ಹೆಸರಿರುವುದರಿಂದ ಆ ಮಾತನ್ನು ಒಪ್ಪುವುದು ಕಷ್ಟ.

ಆದಿಲಶಾಹಿ, ಮೊಗಲ, ಪೇಶ್ವೆ, ಹೈದರ್ ಎಲ್ಲರ ಕೈಯನ್ನೂ ಹಾಯ್ದ ಈ ಕೋಟೆ, 1790ರಲ್ಲಿ ಟಿಪ್ಪುವಿನ ರಾಜ್ಯದ ಬಡಗಣ ಗಡಿಯ ಠಾಣೆಯಾಗಿತ್ತು. ಆ ಸೆಪ್ಟೆಂಬರಿನಲ್ಲಿ ಪರಶುರಾಮಭಾವು ಪಟವರ್ಧನನ ಮರಾಠಾ ಸೈನ್ಯ, ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯೊಂದಿಗೆ ಬಂದು ಮುತ್ತಿತು. ಒಳಗಿದ್ದ ಬದ್ರುಜ್ಜಮಾನ್ ಖಾನ್ 29 ವಾರ ಬಗ್ಗಲಿಲ್ಲ. ಕಾರಣ ಮಣ್ಣಿನ ಗೋಡೆಗಳಷ್ಟೇ ಅಲ್ಲ. ಲಿಟಲ್‌ನ ತುಕಡಿಯಲ್ಲಿದ್ದ ಲೆಫ್ಟಿನೆಂಟ್ ಮೂರ್ ಬರೆದಿರುವಂತೆ, ಮರಾಠರ ತೋಪಿನವರು ಮದ್ದು ತುಂಬಿ, ಅರ್ಧ ತಾಸು ಹೊಗೆಬತ್ತಿ ಸೇದುತ್ತ ಹರಟೆ ಹೊಡೆದು, ಆಮೇಲೆ ಒಂದು ಗುಂಡು ಹಾರಿಸುತ್ತಿದ್ದರು. ಧೂಳು ಚೆನ್ನಾಗಿ ಎದ್ದರೆ ಅವರಿಗೆ ತೃಪ್ತಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆಯವರು ಊಟಕ್ಕೆಂದು ಗುಂಡು ನಿಲ್ಲಿಸುತ್ತಿದ್ದರು. ರಾತ್ರಿ ತೋಪುಗಳು ಹಿಂದಕ್ಕೆ ಸರಿದಾಗ ಒಳಗಿನವರು ಬಿರುಕುಗಳನ್ನು ಮುಚ್ಚಿಬಿಡುತ್ತಿದ್ದರು. ಮೂರ್‌ನ ಮಾತಿನಲ್ಲಿ ಪರಕೀಯನ ತಾತ್ಸಾರ ಕೂಡಿದ್ದರೂ, ಊಟದ ಹೊತ್ತಿನ ಆ ಒಪ್ಪಂದ ನನಗಂತೂ ನಂಬುವಂತೆ ಕಾಣುತ್ತದೆ. 1791ರ ಏಪ್ರಿಲ್ ಮೊದಲ ವಾರದಲ್ಲಿ ಖಾನ್ ಷರತ್ತಿನ ಮೇಲೆ ಕೋಟೆಯನ್ನು ಒಪ್ಪಿಸಿದನು.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಕೋಟೆ ಕಂಪನಿ ಸರ್ಕಾರಕ್ಕೆ ಸೇರಿತು. ಕಾಯಬೇಕಾದ ಗಡಿಯೇ ಇಲ್ಲವಾದ ಮೇಲೆ ಊರಿಗೆ ಸಿಪಾಯಿಗಳಿಗಿಂತ ಕಚೇರಿ, ಕೋರ್ಟು, ಶಾಲೆಗಳು ಹೆಚ್ಚು ಬೇಕಾದವು. ಧಾರವಾಡ ಕೋಟೆಯ ಹೊರಗೆ ಹಬ್ಬಿ, ಸಪ್ತಾಪುರ, ಮಾಳಾಪುರ, ಕಮಲಾಪುರಗಳಂಥ ಅಕ್ಕಪಕ್ಕದ ಹಳ್ಳಿಗಳನ್ನು ಒಳಗು ಮಾಡಿಕೊಂಡಿತು. ಹಿಂದೆ ರಾತ್ರೋರಾತ್ರಿ ಮೆತ್ತುತ್ತಿದ್ದ ಗೋಡೆಗಳು ಮಾತ್ರ 1857ರ ಬಳಿಕ ದುರಸ್ತಿ ಕಾಣದೆ ಕರಗಿದವು.

ಆದರೆ ಊರು ಗಡಿಯಾಗಿಯೇ ಉಳಿಯಿತು. ಮುಂಬಯಿ ಪ್ರಾಂತದ ತೆಂಕಣ ಅಂಚಿನಲ್ಲಿ, ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡಕ್ಕೊಂದು ನೆಲೆ ಬೇಕೆಂದು 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಮೊದಲ ಸಲ ಕನ್ನಡ ನುಡಿದಾಗಲೂ ಊರು ಮುಂಬಯಿ ಪ್ರಾಂತದಲ್ಲಿಯೇ ಇತ್ತು.