ತೇಲುವ ಹೋಟೆಲಿನೊಳಗಿನ ಹಡಗು

ಕೇಳುಗರಿಗೆ ನಮಸ್ಕಾರ.

ಕ್ರೂಸ್ ಕಂಪನಿಗಳ ಜಾಹೀರಾತು ನೀವು ನೋಡಿಯೇ ಇರುತ್ತೀರಿ. ಈಜುಕೊಳ, ಬಗೆಬಗೆಯ ಊಟ, ರಾತ್ರಿಯ ನಾಟಕ, ಬಾಲ್ಕನಿಯಲ್ಲಿ ಕಾಲು ಚಾಚಿ ಕೂತ ಗಂಡ ಹೆಂಡತಿ. ಅದರಲ್ಲಿ ಸುಳ್ಳೇನೂ ಇಲ್ಲ, ಇವೆಲ್ಲ ಹಡಗಿನಲ್ಲಿ ಇರುವುದೇ. ಆದರೆ ಇಷ್ಟನ್ನೇ ನೋಡಿ ಟಿಕೆಟ್ ತೆಗೆದವರು ಎರಡು ಮೂರು ದಿನ ಕಳೆಯುವಷ್ಟರಲ್ಲಿ ಗೊಣಗಲು ಶುರುಮಾಡುತ್ತಾರೆ. ರಾತ್ರಿಯೆಲ್ಲ ಮಂಚ ತೂಗಿತು. ರೋಮ್ ಎಂದು ಹೇಳಿ ಇನ್ನೆಲ್ಲೋ ಇಳಿಸಿದರು. ಫೋನ್ ಬಿಲ್ಲು ನೋಡಿ ತಲೆ ತಿರುಗಿತು. ಊಟದ ಮೇಜಿನಲ್ಲಿ ಇಂಥ ದೂರುಗಳನ್ನು ಕೇಳಿ ಕೇಳಿ ನನಗೆ ಒಂದು ಮಾತು ಖಾತ್ರಿಯಾಗಿದೆ: ಇವರು ದುಡ್ಡು ಕೊಟ್ಟದ್ದು ಹೋಟೆಲಿಗೆ ಅಂದುಕೊಂಡಿದ್ದಾರೆ, ಹತ್ತಿರುವುದು ಮಾತ್ರ ಹಡಗು. ಹಡಗಿನ ಸ್ವಭಾವ ಗೊತ್ತಿದ್ದರೆ ಅರ್ಧ ತಾಪತ್ರಯ ಮೊದಲೇ ತಪ್ಪುತ್ತದೆ. ಮತ್ತೆ ಮತ್ತೆ ಹಡಗು ಹತ್ತುವ ಚಟ ಇರುವ ನಾನು ಇವತ್ತು ಹೇಳಹೊರಟಿರುವುದು ಅದನ್ನೇ.

ಮೊದಲು ಕ್ಯಾಬಿನ್ ವಿಷಯ. ಈಗಿನ ಹಡಗುಗಳು ಎಷ್ಟು ದೊಡ್ಡವೆಂದರೆ, 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಹಡಗಿನ ಒಟ್ಟು ಟನ್ನೇಜ್, ಅಂದರೆ ಒಳಗಿನ ಜಾಗದ ಅಳತೆ, 2,48,000ಕ್ಕೂ ಹೆಚ್ಚು. ಟೈಟಾನಿಕ್‌ನದು 46,000 ಚಿಲ್ಲರೆ ಇತ್ತು. ಇಷ್ಟು ದೊಡ್ಡದೂ ಅಲುಗಾಡುತ್ತದೆಯೇ ಎಂದು ಕೇಳುತ್ತಾರೆ. ಅಲುಗಾಡುತ್ತದೆ. ಅಲೆ ಎದುರಿನಿಂದ ಬಂದಾಗ ಹಡಗಿನ ಮೂತಿಯೂ ಬಾಲವೂ ಏರಿ ಇಳಿಯುತ್ತವೆ, ನಡುಭಾಗ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಲೆ ಪಕ್ಕದಿಂದ ಬಂದಾಗ ಹಡಗು ಅತ್ತಿತ್ತ ವಾಲುತ್ತದೆ. ಆಗ ಮೇಲಿನ ಡೆಕ್‌ನವರಿಗೆ ಜಾಸ್ತಿ ತೂಗಾಟ, ಕೆಳಗಿನವರಿಗೆ ಕಡಿಮೆ. ನೀರಿನೊಳಗೆ ಮೀನಿನ ರೆಕ್ಕೆಯ ಹಾಗೆ ಚಾಚಿಕೊಳ್ಳುವ ಸ್ಟೆಬಿಲೈಸರ್‌ಗಳು ಈ ವಾಲಾಟವನ್ನು ಬಹಳ ಮಟ್ಟಿಗೆ ತಡೆಯುತ್ತವೆ, ಆದರೆ ಮೂತಿಯ ಏರಿಳಿತಕ್ಕೆ ಅವುಗಳಿಂದ ಏನೂ ಉಪಯೋಗವಿಲ್ಲ. ಹಾಗಾಗಿ ಹೊಟ್ಟೆ ತೊಳಸುವ ಭಯ ಇರುವವರಿಗೆ ನಡುಭಾಗದ ಕೆಳ ಡೆಕ್‌ನ ಕ್ಯಾಬಿನ್ನೇ ವಾಸಿ. ತಮಾಷೆ ನೋಡಿ, ಅತಿ ದುಬಾರಿ ಐಷಾರಾಮಿ ಕೋಣೆಗಳು ಸಾಮಾನ್ಯವಾಗಿ ಮೇಲ್ಗಡೆಯೇ ಇರುತ್ತವೆ. ಸಮುದ್ರ ಕೆರಳಿದ ದಿನ ಕಡಿಮೆ ದುಡ್ಡು ಕೊಟ್ಟವನೇ ಚೆನ್ನಾಗಿ ನಿದ್ದೆ ಮಾಡುತ್ತಾನೆ.

ಡೆಕ್ ನಕ್ಷೆ ನೋಡುವಾಗ ನಿಮ್ಮ ಕ್ಯಾಬಿನ್ ಇರುವ ಮಹಡಿಯನ್ನಷ್ಟೇ ನೋಡಬೇಡಿ, ಅದರ ಮೇಲೇನಿದೆ, ಕೆಳಗೇನಿದೆ ಎಂದೂ ನೋಡಿ. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವಕ್ಕೇ ಕುರ್ಚಿ ಎಳೆದಾಡುವ ಸದ್ದು. ಕಾಲಕೆಳಗೆ ರಂಗಮಂದಿರ ಇದ್ದರೆ ನಡುರಾತ್ರಿಯವರೆಗೂ ಡ್ರಮ್ಮು. ಮೂತಿಯ ಕಡೆ ತೀರ ಕೆಳಗಿದ್ದರೆ ಲಂಗರು ಬಿಡುವಾಗ ಸರಪಳಿ ಗಡಗಡ ಇಳಿದು ನಿಮ್ಮನ್ನು ಎಬ್ಬಿಸುತ್ತದೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಮಹಡಿ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ‘ಗ್ಯಾರಂಟಿ ಕ್ಯಾಬಿನ್’ ಎಂದು ಸ್ವಲ್ಪ ಅಗ್ಗಕ್ಕೆ ಮಾರುತ್ತಾರಲ್ಲ, ಅದರಲ್ಲಿ ಯಾವ ಕ್ಯಾಬಿನ್ ಎಂದು ಆರಿಸುವವರು ಕಂಪನಿಯವರು. ನಿದ್ದೆ ಗಟ್ಟಿ ಇರುವವರಿಗೆ ಅದು ಲಾಭದ ವ್ಯಾಪಾರ, ಉಳಿದವರಿಗೆ ಬೇಡ.

ಇನ್ನು ಹೊಟ್ಟೆ ತೊಳಸುವುದಕ್ಕೆ ಮಾತ್ರೆ. ಅದನ್ನು ತೊಳಸು ಶುರುವಾದ ಮೇಲೆ ನುಂಗಿ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಯಾವುದು ನಿಮಗೆ ಆಗಿಬರುತ್ತದೆ ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ಕೋಣೆಯಲ್ಲಿ ಮೊಬೈಲ್ ನೋಡುತ್ತ ಮಲಗಿದರೆ ಹೆಚ್ಚುತ್ತದೆ. ಹೊರಗೆ ಬಂದು ಗಾಳಿಗೆ ಮುಖವೊಡ್ಡಿ, ದೂರದ ದಿಗಂತ ನೋಡುತ್ತ ಕೂತರೆ ಇಳಿಯುತ್ತದೆ. ಖಾಲಿ ಹೊಟ್ಟೆ ಒಳ್ಳೆಯದಲ್ಲ, ಏನಾದರೂ ಸಪ್ಪೆಯದ್ದು ತಿನ್ನುತ್ತಿರಿ.

ಈಗ ಬಂದರುಗಳ ವಿಷಯ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ನಿರಾಸೆ ಆಗುವುದು ಇಲ್ಲೇ. ಕಾರ್ಯಕ್ರಮ ಪಟ್ಟಿಯಲ್ಲಿ ರೋಮ್ ಎಂದಿರುತ್ತದೆ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ, ರೋಮ್ ಅಲ್ಲಿಂದ ಸುಮಾರು 70 ಕಿಲೋಮೀಟರ್. ಫ್ಲಾರೆನ್ಸ್ ಎಂದರೆ ಲಿವೊರ್ನೊ, ಅಲ್ಲಿಂದ ಇನ್ನೂ ಹೆಚ್ಚುಕಡಿಮೆ 90. ಪ್ಯಾರಿಸ್ ಎಂದರೆ ಲ ಹಾವ್ರ್, ಸುಮಾರು 200. ಬರ್ಲಿನ್ ಎಂದು ಬರೆದು ನಿಮ್ಮನ್ನು ಇಳಿಸುವುದು ಬಾಲ್ಟಿಕ್ ತೀರದ ವಾರ್ನೆಮುಂಡೆಯಲ್ಲಿ. ಅಲ್ಲಿಂದ ಬರ್ಲಿನ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆ, ವಾಪಸ್ಸು ಮತ್ತೆ ಅಷ್ಟೇ. ಹಡಗು ನಿಲ್ಲುವುದು ಹನ್ನೆರಡು ಗಂಟೆ ಎಂದಿಟ್ಟುಕೊಂಡರೂ ಊರಿನಲ್ಲಿ ನಿಮಗೆ ಸಿಗುವುದು ಎಷ್ಟು ಹೊತ್ತು, ನೀವೇ ಲೆಕ್ಕ ಹಾಕಿ. ಅಂಥ ದಿನ ನಾನು ರಾಜಧಾನಿಯ ಆಸೆ ಬಿಟ್ಟು ಬಂದರಿನ ಊರಲ್ಲೇ ಅಡ್ಡಾಡುತ್ತೇನೆ. ಲ ಹಾವ್ರ್ ನೋಡಿ, ಎರಡನೇ ಮಹಾಯುದ್ಧದಲ್ಲಿ ನೆಲಸಮವಾಗಿ ಆಮೇಲೆ ಕಾಂಕ್ರೀಟಿನಲ್ಲಿ ಹೊಸದಾಗಿ ಎದ್ದುನಿಂತ ಊರು. ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಪ್ಯಾರಿಸ್‌ಗೆ ಓಡುವ ಬಸ್ಸುಗಳು ಅದನ್ನು ಹಿಂದೆ ಬಿಟ್ಟು ಹೋಗುತ್ತವೆ.

ವೆನಿಸ್‌ನದು ಇನ್ನೊಂದು ಕಥೆ. 25,000 ಟನ್ನೇಜ್ ಮೀರಿದ ಹಡಗುಗಳು ಊರ ನಡುವಿನ ಜುದೆಕ್ಕಾ ಕಾಲುವೆಗೆ ಬರಬಾರದೆಂದು ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ ನಿಷೇಧ ಹಾಕಿತು. ಡೆಕ್ ಮೇಲೆ ನಿಂತು ಸೇಂಟ್ ಮಾರ್ಕ್ಸ್ ಚೌಕವನ್ನು ನೋಡುತ್ತ ಹೋಗುವ ಹಳೆಯ ಫೋಟೊಗಳನ್ನು ನಂಬಿ ಹೋಗಬೇಡಿ. ಈಗ ‘ವೆನಿಸ್’ ಎಂದು ಬರೆದಿದ್ದರೆ ಅದು ಮಾರ್ಗೆರಾ ಇರಬಹುದು, ಟ್ರಿಯೆಸ್ಟ್ ಇರಬಹುದು, ದೂರದ ರವೆನ್ನಾ ಕೂಡ ಇರಬಹುದು. ಆವರಣದೊಳಗೆ ಸಣ್ಣಕ್ಷರದಲ್ಲಿ ಇರುವ ಹೆಸರು ಓದಿ, ನಕ್ಷೆಯಲ್ಲಿ ದೂರ ಅಳೆಯಿರಿ, ಆಮೇಲೆ ಟಿಕೆಟ್ ತೆಗೆಯಿರಿ.

ವೀಸಾ ಬೇಕಾದ ಪಾಸ್‌ಪೋರ್ಟಿನವರು ಇನ್ನೊಂದು ಗಮನಿಸಬೇಕು. ಇಟಲಿಯಿಂದ ಹೊರಟು ಟರ್ಕಿಯ ಕುಶಾದಾಸಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬಂದಿರಿ ಎನ್ನಿ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು, ಅಂದರೆ ಷೆಂಗೆನ್ ವಲಯದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗಾಯಿತು. ಒಂದೇ ಸಲ ಪ್ರವೇಶಿಸುವ ವೀಸಾ ಇದಕ್ಕೆ ಸಾಲದು, ಮಲ್ಟಿಪಲ್ ಎಂಟ್ರಿ ಬೇಕು. ಅದು ಇಲ್ಲದಿದ್ದರೆ ಹಡಗು ಹತ್ತುವಾಗಲೇ ತಡೆಯಬಹುದು. ಟಿಕೆಟ್ ದುಡ್ಡು ವಾಪಸ್ಸು ಬರುವುದಿಲ್ಲ.

ಕೆಲವು ನಿಲುಗಡೆಗಳು ಯಾಕೆ ಇವೆ ಎಂದೇ ಅರ್ಥವಾಗುವುದಿಲ್ಲ. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ಹಡಗುಗಳು ಕೊನೆಗೆ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಹೊತ್ತು ನಾಲ್ಕಾರು ತಾಸು ನಿಲ್ಲುತ್ತವೆ. ಕತ್ತಲಾದ ಮೇಲೆ ಊರು ನೋಡುವುದೇನು ಎಂದು ಜನ ಬೈದುಕೊಳ್ಳುತ್ತಾರೆ. ಕಾರಣ 1886ರ ಒಂದು ಅಮೆರಿಕನ್ ಕಾನೂನು. ಬೇರೆ ದೇಶದ ಧ್ವಜ ಹಾರಿಸುವ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸುವಂತಿಲ್ಲ, ನಡುವೆ ಒಂದು ವಿದೇಶಿ ಬಂದರು ಮುಟ್ಟಬೇಕು. ನೀವು ಸಂಜೆ ಇಳಿದರೂ ಸರಿ, ಕ್ಯಾಬಿನ್‌ನಲ್ಲೇ ಮಲಗಿದರೂ ಸರಿ, ಹಡಗಿನ ಕೆಲಸ ಆಯಿತು.

ಬಂದರಿನಲ್ಲಿ ಇಳಿಯುವ ಮೊದಲು ಗಡಿಯಾರ. ನಿಮ್ಮ ಫೋನು ದಡದ ಟವರ್ ಹಿಡಿದು ಆ ಊರಿನ ಸಮಯ ತೋರಿಸುತ್ತದೆ. ಹಡಗು ತನ್ನದೇ ಸಮಯದಲ್ಲಿ ಹೊರಡುತ್ತದೆ. ಎರಡೂ ಒಂದೇ ಇರಬೇಕೆಂದಿಲ್ಲ. ಕೈಗೆ ಒಂದು ಸಾದಾ ಗಡಿಯಾರ ಕಟ್ಟಿ, ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕೆಂಬುದು ಸಾಮಾನ್ಯ ನಿಯಮ. ತಡವಾದವರನ್ನು ನೋಡುವುದಕ್ಕೆಂದೇ ಡೆಕ್‌ನ ಕಟಾಂಜನದ ಬಳಿ ಒಂದಷ್ಟು ಜನ ಸೇರಿರುತ್ತಾರೆ. ಕೆಳಗೆ ಕಟ್ಟೆಯ ಮೇಲೆ ಇಬ್ಬರು ಓಡಿ ಬರುತ್ತಿದ್ದಾರೆ, ಕೈಯಲ್ಲಿ ಶಾಪಿಂಗ್ ಚೀಲ, ಒಬ್ಬರ ಚಪ್ಪಲಿ ಕೈಯಲ್ಲಿದೆ. ಮೇಲಿನವರು ಕೂಗಿ ಹುರಿದುಂಬಿಸುತ್ತಾರೆ. ಅಷ್ಟು ಹೊತ್ತಿಗೆ ಹಗ್ಗ ಬಿಚ್ಚಿ ಏಣಿ ಎಳೆದಾಗಿದ್ದರೆ ಮುಗಿಯಿತು. ಬಾರದವರ ಕ್ಯಾಬಿನ್ ತಿಜೋರಿ ತೆರೆಸಿ, ಸಿಕ್ಕಿದ ಪಾಸ್‌ಪೋರ್ಟನ್ನು ಬಂದರಿನ ಏಜೆಂಟರ ಕೈಗೆ ಒಪ್ಪಿಸಿ ಹಡಗು ಹೊರಟುಬಿಡುತ್ತದೆ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವು ಹೋಗಬೇಕು. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಮಾತ್ರ ಕಾಯುತ್ತಾರೆ. ಆದ್ದರಿಂದ ನನ್ನ ಪದ್ಧತಿ ಹೀಗೆ: ನಡೆದು ಹೋಗಬಹುದಾದ ಊರಿಗೆ ನಾನೇ ಹೋಗುತ್ತೇನೆ, ದೂರದ ಊರಿಗೆ ದುಬಾರಿಯಾದರೂ ಅವರ ಬಸ್ಸು ಹಿಡಿಯುತ್ತೇನೆ.

ಕಟ್ಟೆಯೇ ಇಲ್ಲದ ಬಂದರುಗಳೂ ಇವೆ. ಗ್ರೀಸ್‌ನ ಸಾಂಟೊರಿನಿ ದ್ವೀಪದಲ್ಲಿ ಹಡಗು ನೀರಿನ ನಡುವೆ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಈ ಟೆಂಡರ್ ದೋಣಿಗೆ ಕಾಲಿಡುವುದೇ ಒಂದು ಕಸರತ್ತು. ದೋಣಿ ಏಳುತ್ತ ಬೀಳುತ್ತ ಇರುತ್ತದೆ. ನಾವಿಕ ನಿಮ್ಮ ಅಂಗೈ ಹಿಡಿಯುವುದಿಲ್ಲ, ಮುಂಗೈಯನ್ನು ಹಿಡಿಯುತ್ತಾನೆ. ನೀವೂ ಅವನ ಮುಂಗೈಯನ್ನೇ ಹಿಡಿಯಿರಿ, ಬೆವರಿದ ಅಂಗೈ ಜಾರುತ್ತದೆ. ಅವನು ‘ಈಗ’ ಎಂದಾಗ ಕಾಲಿಡಬೇಕು, ನಿಮ್ಮ ಲೆಕ್ಕದಲ್ಲಿ ಬೇಡ. ದಡದಿಂದ ಮೇಲಿನ ಫಿರಾ ಊರಿಗೆ ಕೇಬಲ್ ಕಾರ್ ಇದೆ, ಇಲ್ಲದಿದ್ದರೆ ಸುಮಾರು 600 ಮೆಟ್ಟಿಲು. ನಾಲ್ಕೈದು ಹಡಗು ಒಟ್ಟಿಗೆ ಬಂದ ದಿನ ಇಳಿಯುವಾಗ ಆ ಕೇಬಲ್ ಕಾರಿನ ಸಾಲು ಬೀದಿಯಲ್ಲಿ ಹನುಮಂತನ ಬಾಲ. ಕೊನೆಯ ದೋಣಿಯ ಸಮಯ ನೋಡಿ, ಅದಕ್ಕೆ ಎರಡು ತಾಸು ಮೊದಲೇ ಸಾಲಿಗೆ ಬಂದು ನಿಲ್ಲಿ. ಗಾಳಿ ಜೋರಿದ್ದರೆ ದೋಣಿ ಇಳಿಸುವುದೇ ಇಲ್ಲ, ಆ ನಿಲುಗಡೆ ರದ್ದು. ಹಾಗೆ ರದ್ದು ಮಾಡುವ ಹಕ್ಕು ಟಿಕೆಟ್ಟಿನ ಷರತ್ತಿನಲ್ಲೇ ಇರುತ್ತದೆ, ಜಗಳ ಮಾಡಿ ಪ್ರಯೋಜನವಿಲ್ಲ.

ಹತ್ತಿದ ಮೊದಲ ದಿನ ಸುರಕ್ಷತಾ ತಾಲೀಮು ಇರುತ್ತದೆ. ಜನ ಇದನ್ನು ಕಾಟ ಎಂದುಕೊಂಡು ಬಾರಿನಲ್ಲಿ ಅಡಗಿ ಕೂರುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಮಂದಿಗೆ ತಾಲೀಮು ಆಗಿರಲಿಲ್ಲ, ಏಕೆಂದರೆ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗಿನ ನಿಯಮ ಇತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ನಿಮ್ಮ ಕ್ಯಾಬಿನ್ ಬಾಗಿಲ ಹಿಂದೆ ಬರೆದಿರುವ ಜಾಗಕ್ಕೆ ಹೋಗಬೇಕು. ಮೊದಲ ಸಂಜೆಯೇ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ, ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲಿ.

ಆರೋಗ್ಯದ ಬಗ್ಗೆ ಒಂದೇ ಮಾತು ಹೇಳಬೇಕೆಂದರೆ ಸೋಪು. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಅಷ್ಟು ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ ಉಜ್ಜಿ ತೊಳೆಯಬೇಕು. ಬಫೆಯಲ್ಲಿ ನೂರಾರು ಜನ ಹಿಡಿದ ಸೌಟನ್ನು ಹಿಡಿದ ಮೇಲೆ ಅದೇ ಕೈಯಲ್ಲಿ ಊಟ ಮಾಡುವ ಮೊದಲು ಇನ್ನೊಮ್ಮೆ ತೊಳೆಯುವುದು ಲೇಸು. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಹೇಳದೆ ಕೇಳದೆ ಬಂದು ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 86ಕ್ಕಿಂತ ಕಡಿಮೆ ಬಂದರೆ ನಪಾಸು. ಅಂಕಗಳು ಎಲ್ಲರಿಗೂ ನೋಡಲು ಸಿಗುತ್ತವೆ. ಹಡಗಿನ ವೈದ್ಯರು ಪುಕ್ಕಟೆ ಅಲ್ಲ, ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಬೇಕಾದರಂತೂ ಕೇಳುವುದೇ ಬೇಡ. ಅದೂ ಸೇರಿರುವ ವಿಮೆ ಮಾಡಿಸಿಕೊಳ್ಳಿ.

ಫೋನಿಗೆ ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ಜಾಲವನ್ನು ಹಿಡಿದು ಬಿಲ್ಲು ಏರಿಸುತ್ತಲೇ ಇರುತ್ತದೆ. ಪಾನೀಯದ ಪ್ಯಾಕೇಜ್ ಎಂದು ಮಾರುತ್ತಾರೆ. ಒಬ್ಬರು ಕೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬ ದೊಡ್ಡವರೂ ಕೊಳ್ಳಬೇಕೆಂಬ ಷರತ್ತು ಎಷ್ಟೋ ಕಡೆ ಇರುತ್ತದೆ, ಕೇಳಿ ನೋಡಿ. ಸಿಬ್ಬಂದಿಯ ಟಿಪ್ಸ್ ದಿನದ ಲೆಕ್ಕದಲ್ಲಿ ನಿಮ್ಮ ಖಾತೆಗೆ ತಾನಾಗಿ ಬೀಳುತ್ತಿರುತ್ತದೆ. ಅದನ್ನು ತೆಗೆಸಿ ಉಳಿತಾಯ ಮಾಡುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರ ಹೊಟ್ಟೆಯ ಮೇಲೆ ಹೊಡೆಯುವ ಉಳಿತಾಯ ಅದು. ಕ್ಯಾಬಿನ್ ಗೋಡೆ ಉಕ್ಕಿನದು, ನಾಲ್ಕು ಅಯಸ್ಕಾಂತದ ಕೊಕ್ಕೆ ಒಯ್ದರೆ ಟೋಪಿ, ಒದ್ದೆ ಬಟ್ಟೆ, ಕಾಗದ ಎಲ್ಲಕ್ಕೂ ಜಾಗವಾಯಿತು. ಇಸ್ತ್ರಿಪೆಟ್ಟಿಗೆ ಬೇಡ, ಬೆಂಕಿಯ ಭಯಕ್ಕೆ ಕಸಿದಿಟ್ಟುಕೊಳ್ಳುತ್ತಾರೆ.

ಸಮುದ್ರವೇ ಇಷ್ಟ, ಊರುಗಳು ಅಷ್ಟಕ್ಕಷ್ಟೇ ಎನ್ನುವವರಿಗೆ ಒಂದು ಗುಟ್ಟು ಹೇಳುತ್ತೇನೆ. ವಸಂತದಲ್ಲಿ ಹಡಗುಗಳು ಕೆರಿಬಿಯನ್‌ನಿಂದ ಯುರೋಪಿಗೆ ಹೋಗುತ್ತವೆ, ಶರತ್ಕಾಲದಲ್ಲಿ ವಾಪಸ್ಸು ಬರುತ್ತವೆ. ಹೇಗೂ ಹೋಗಲೇಬೇಕಾದ ಹಡಗು, ಹಾಗಾಗಿ ದಿನದ ಲೆಕ್ಕಕ್ಕೆ ಅಗ್ಗ. ಅದರಲ್ಲೂ ಪಶ್ಚಿಮಕ್ಕೆ ಹೋಗುವುದನ್ನೇ ಆರಿಸಿ. ಅಟ್ಲಾಂಟಿಕ್ ದಾಟುವಾಗ ಆಗಾಗ ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಿಮಗೆ 25 ಗಂಟೆಯ ದಿನ ಸಿಗುತ್ತದೆ. ಪೂರ್ವಕ್ಕೆ ಹೋದರೆ ಅದೇ ಗಂಟೆಯನ್ನು ಕಿತ್ತುಕೊಳ್ಳುತ್ತಾರೆ, ವಾರದ ಕೊನೆಗೆ ಎಲ್ಲರೂ ತಿಂಡಿಯ ಹೊತ್ತಿಗೆ ಕಣ್ಣುಜ್ಜುತ್ತಿರುತ್ತಾರೆ.

ಇಳಿಯುವ ದಿನದ ವಿಮಾನವನ್ನು ಮಧ್ಯಾಹ್ನದ ಮೇಲಕ್ಕೆ ಇಟ್ಟುಕೊಳ್ಳಿ, ಹತ್ತುವ ಊರಿಗೆ ಒಂದು ದಿನ ಮೊದಲೇ ಹೋಗಿ. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲಾಚೆ ಇಡಬೇಕು, ರಾತ್ರೋರಾತ್ರಿ ಒಯ್ಯುತ್ತಾರೆ, ಬೆಳಿಗ್ಗೆ ದಡದಲ್ಲೇ ಸಿಗುವುದು. ಔಷಧಿ, ಪಾಸ್‌ಪೋರ್ಟ್, ಹಲ್ಲುಜ್ಜುವ ಬ್ರಷ್ಷು, ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ ಕೈಚೀಲದಲ್ಲಿ ಇರಲಿ. ಉತ್ಸಾಹದಲ್ಲಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಕಳಿಸಿ, ಮಾರನೆಯ ಬೆಳಿಗ್ಗೆ ರಾತ್ರಿಯುಡುಪಿನಲ್ಲೇ ಕಸ್ಟಮ್ಸ್ ಸಾಲಿನಲ್ಲಿ ನಿಂತ ಒಬ್ಬ ಮಹನೀಯರನ್ನು ನಾನು ನೋಡಿದ್ದೇನೆ. ಪಾಪ, ಶೂ ಮಾತ್ರ ಫಳಫಳ ಪಾಲಿಶ್ ಮಾಡಿದ್ದರು.

ನಮಸ್ಕಾರ.